ಬಿಆರ್‌ಸಿಎ-1 ಮತ್ತು ಇಲಿ: ಸ್ತನ ಕ್ಯಾನ್ಸರ್ ತಳಿವಿಜ್ಞಾನದ ಟಿಪ್ಪಣಿ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಜೊತೆಗೆ ಓದುವ ನಮ್ಮಲ್ಲಿ ಅನೇಕರು ತಡವರಿಸುವುದು ಒಂದೇ ಪ್ರಶ್ನೆಗೆ. ಬಿಆರ್‌ಸಿಎ-1 ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ಮಹಿಳೆಗೆ ಸ್ತನ ಕ್ಯಾನ್ಸರ್‌ನ ಅಪಾಯ ಬಹಳ ಹೆಚ್ಚು. ಅದೇ ದೋಷವಿರುವ ಇಲಿಗೆ ಗೆಡ್ಡೆ ಏಕೆ ಬರುವುದಿಲ್ಲ? ಇದು ಬಗೆಹರಿದರೆ ಪಾಠದ ಮುಕ್ಕಾಲು ಭಾಗ ಮುಗಿದಂತೆ.

ಈ ಜೀನ್ 17ನೇ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ತಂಡ ತೋರಿಸಿತು. 1994ರಲ್ಲಿ ಜೀನೇ ಕೈಗೆ ಸಿಕ್ಕಿತು. ಬಳಿಕ ಇಲಿಗಳಲ್ಲಿ ಅದನ್ನು ಅಳಿಸಿ ನೋಡಿದರು. ಎರಡೂ ಪ್ರತಿ ಇಲ್ಲದ ಮರಿಗಳು ಭ್ರೂಣಾವಸ್ಥೆಯಲ್ಲೇ ಸತ್ತವು. ಈ ಜೀನಿನಿಂದ ತಯಾರಾಗುವ, ತುಂಡಾದ ಡಿಎನ್‌ಎಯನ್ನು ಸರಿಪಡಿಸುವ ಪ್ರೋಟೀನ್ ಇಲ್ಲದೆ, ಭರದಿಂದ ವಿಭಜಿಸುವ ಕೋಶಗಳು ಉಳಿಯಲಾರವು. ಒಂದು ಪ್ರತಿ ಇದ್ದ ಇಲಿಗಳು ಮಾತ್ರ ಆರಾಮವಾಗಿ ಬದುಕಿದವು. ಗೆಡ್ಡೆ ಹುಟ್ಟಬೇಕಾದರೆ ಯಾವುದೋ ಕೋಶದಲ್ಲಿ ಆ ಒಳ್ಳೆಯ ಪ್ರತಿಯೂ ಕಳೆದುಹೋಗಬೇಕು. ಮನುಷ್ಯರಲ್ಲಿ ಅದಕ್ಕೆ ದಶಕಗಳ ಅವಕಾಶವಿದೆ, ಇಲಿಯ ಆಯುಸ್ಸು ಎರಡು-ಮೂರು ವರ್ಷ. ಪೂರ್ಣ ಉತ್ತರ ಇದೇ ಅಲ್ಲದಿದ್ದರೂ ಮುಖ್ಯ ವಿವರಣೆ ಇದು.

ಭ್ರೂಣವನ್ನು ಉಳಿಸಿಕೊಂಡು ಸ್ತನದಲ್ಲಿ ಮಾತ್ರ ಎರಡೂ ಪ್ರತಿ ಅಳಿಸುವುದು ಹೇಗೆ? ಅದರ ಉಪಾಯ ನನಗೆ ಬಹಳ ಇಷ್ಟ. ಜೀನಿನ ಒಂದು ಭಾಗದ ಇಕ್ಕೆಲಗಳಲ್ಲಿ 34 ಬೇಸ್ ಜೋಡಿಗಳ ಲಾಕ್ಸ್‌ಪಿ ಗುರುತುಗಳನ್ನು ಇಡುತ್ತಾರೆ. ಕ್ರೀ ಎಂಬ ಕಿಣ್ವ ಎರಡು ಗುರುತುಗಳ ನಡುವಿನದನ್ನು ಕತ್ತರಿಸಿ ತೆಗೆಯುತ್ತದೆ. ಕ್ರೀ ಜೀನನ್ನು ಹಾಲಿನ ಪ್ರೋಟೀನೊಂದರ ಪ್ರಮೋಟರ್‌ಗೆ (ಜೀನ್ ಎಲ್ಲಿ, ಯಾವಾಗ ಚಾಲೂ ಆಗಬೇಕೆಂದು ನಿರ್ಧರಿಸುವ ಡಿಎನ್‌ಎ ಭಾಗ) ಜೋಡಿಸಿದರೆ, ಬಸಿರಿನ ಕೊನೆಯಲ್ಲಿ ಮತ್ತು ಹಾಲೂಡುವಾಗ, ಮುಖ್ಯವಾಗಿ ಸ್ತನಗ್ರಂಥಿಯಲ್ಲೇ ಕತ್ತರಿ ಆಡುತ್ತದೆ. ಭ್ರೂಣಕ್ಕೆ ಅಪಾಯವಿಲ್ಲ. 1999ರಲ್ಲಿ ಹೀಗೆ ತಯಾರಾದ ಇಲಿಗಳಲ್ಲಿ ಗೆಡ್ಡೆ ಬಂತು, ಆದರೆ ಕೆಲವಕ್ಕೆ ಮಾತ್ರ, ಅದೂ ತಡವಾಗಿ. ಪಿ53 ಜೀನಿನ ಒಂದು ಪ್ರತಿಯನ್ನೂ ತೆಗೆದಾಗ ಬೇಗ ಬಂತು. ಪಿ53 ಇದ್ದರೆ ಡಿಎನ್‌ಎ ಕೆಟ್ಟ ಕೋಶದ ವಿಭಜನೆಯನ್ನು ತಡೆಯುತ್ತದೆ ಅಥವಾ ಕೋಶವನ್ನೇ ಸಾಯಿಸುತ್ತದೆ. ಪರೀಕ್ಷೆಯಲ್ಲಿ ಬಿಆರ್‌ಸಿಎ-1 ಮತ್ತು ಪಿ53ರ ಈ ನಂಟನ್ನು ವಿವರಿಸಿ ಬರೆಯಿರಿ.

ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಬರುವ ರೋಗಿಗಳಿಗೂ ಇದಕ್ಕೂ ನಂಟಿದೆ. ಬಿಆರ್‌ಸಿಎ-1 ದೋಷದ ಗೆಡ್ಡೆಗಳಲ್ಲಿ ಹೆಚ್ಚಿನವು ಟ್ರಿಪಲ್ ನೆಗೆಟಿವ್, ಅಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳಾಗಲಿ ಹೆಚ್ಚಿನ ಹರ್-2 ಪ್ರೋಟೀನಾಗಲಿ ಇಲ್ಲದವು. ಹಾರ್ಮೋನ್ ಚಿಕಿತ್ಸೆ ಅವಕ್ಕೆ ನಾಟುವುದಿಲ್ಲ. ಬಿಆರ್‌ಸಿಎ-1 ಮತ್ತು ಪಿ53 ಎರಡೂ ಜೀನ್ ಕಳೆದುಕೊಂಡ ಗೆಡ್ಡೆಗಳಿದ್ದ ಇಲಿಗಳಿಗೆ ಒಲಾಪರಿಬ್ (ಡಿಎನ್‌ಎ ದುರಸ್ತಿಯ ಇನ್ನೊಂದು ದಾರಿಯನ್ನು ತಡೆಯುವ ಔಷಧ) ಕೊಟ್ಟಾಗ ಗೆಡ್ಡೆ ಕುಗ್ಗಿತು. ದೀರ್ಘಕಾಲ ಕೊಟ್ಟಾಗ ಮತ್ತೆ ಬೆಳೆಯಿತು: ಕೆಲವು ಗೆಡ್ಡೆಗಳ ಕೋಶಗಳು ಔಷಧವನ್ನು ಹೊರದಬ್ಬುವ ಪಂಪ್ ಪ್ರೋಟೀನನ್ನು ಹೆಚ್ಚಿಸಿಕೊಂಡಿದ್ದವು. ಪಂಪನ್ನು ತಡೆದಾಗ ಒಲಾಪರಿಬ್ ಪುನಃ ಕೆಲಸ ಮಾಡಿತು. ಈ ಫಲಿತಾಂಶ 2008ರದು.

ಬೆಂಗಳೂರಿನ ಯಾವ ಪ್ರಯೋಗಾಲಯದಲ್ಲೇ ಆಗಲಿ, ಇಂಥ ಕೆಲಸಕ್ಕೆ ಮೊದಲು ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಇಲಿ, ಏಕೆ ಅಷ್ಟೇ, ಗೆಡ್ಡೆ ಯಾವ ಗಾತ್ರ ತಲುಪಿದಾಗ ಪ್ರಯೋಗ ನಿಲ್ಲಿಸುತ್ತೀರಿ ಎಂಬುದನ್ನು ಮೊದಲೇ ಬರೆದುಕೊಡಬೇಕು.