ಓದುಗರ ಪ್ರಶ್ನೆ: ಸಿಸಿ ಜಾಸ್ತಿ ಇದ್ದರೆ ಪವರ್ ಜಾಸ್ತಿ ಅಲ್ವಾ?

"ಸರ್, ನಮ್ಮದು ಚಿಕ್ಕಮಗಳೂರು. ದಿನಾ ಗುಡ್ಡ ಹತ್ತಿ ಇಳಿಯಬೇಕು. ಸಿಸಿ ಜಾಸ್ತಿ ಇರೋ ಬೈಕನ್ನೇ ತಗೊಂಡ್ರೆ ಪವರ್ ಜಾಸ್ತಿ ಸಿಗುತ್ತೆ ಅಲ್ವಾ?"

ಇದಕ್ಕೆ ಹಿಂದೆಯೂ ಉತ್ತರ ಬರೆದಿದ್ದೇನೆ. ಆದರೂ ಹಾಸನದಿಂದ, ಮೂಡಿಗೆರೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಲೆಕ್ಕದ ಸಮೇತ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಸಿಲಿಂಡರಿನೊಳಗೆ ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಹೋಗುವಾಗ ಎಷ್ಟು ಜಾಗ ಸವರಿಕೊಂಡು ಹೋಗುತ್ತದೋ ಅದೇ ಡಿಸ್‌ಪ್ಲೇಸ್‌ಮೆಂಟ್. ಅದನ್ನು ಸಿಸಿಯಲ್ಲಿ, ಅಂದರೆ ಘನ ಸೆಂಟಿಮೀಟರಿನಲ್ಲಿ ಹೇಳುತ್ತೇವೆ. ಅದು ಪೆಟ್ರೋಲಿನ ಅಳತೆಯೂ ಅಲ್ಲ, ಪವರಿನ ಅಳತೆಯೂ ಅಲ್ಲ. ಬರೀ ಜಾಗದ ಅಳತೆ.

ಎಲ್ಲರಿಗೂ ಗೊತ್ತಿರುವ ಎರಡು ಗಾಡಿ ತಗೊಳ್ಳಿ. ಸ್ಪ್ಲೆಂಡರ್‌ನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 49.5 ಮಿ.ಮೀ. ಲೆಕ್ಕ ಹಾಕಿದರೆ 97 ಸಿಸಿ. ಯಮಹಾ ಆರ್‌ಎಕ್ಸ್ 100ರ ಬೋರ್ 50, ಸ್ಟ್ರೋಕೂ 50. ಅಂದರೆ 98 ಸಿಸಿ. ವ್ಯತ್ಯಾಸ ಒಂದೇ ಒಂದು ಸಿಸಿ. ಆದರೆ ಸ್ಪ್ಲೆಂಡರ್ ಕೊಡುವುದು ಸುಮಾರು 8 ಎಚ್‌ಪಿ, ಆರ್‌ಎಕ್ಸ್ ಕೊಡುತ್ತಿದ್ದದ್ದು 11! ಆರ್‌ಎಕ್ಸ್ ಟೂ ಸ್ಟ್ರೋಕ್. ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಒಂದು ಸುತ್ತು ತಿರುಗಿದರೆ ಪೆಟ್ರೋಲ್ ಒಂದು ಸಲ ಉರಿಯುತ್ತದೆ. ಫೋರ್ ಸ್ಟ್ರೋಕಿನ ಸ್ಪ್ಲೆಂಡರ್ ಎರಡು ಸುತ್ತಿಗೆ ಒಂದು ಸಲ. ಸೇರು ಎಷ್ಟು ದೊಡ್ಡದು ಅಂತ ಹೇಳಿದರೆ ಸಾಲದು, ಎಷ್ಟು ಸಲ ಅಳೆದರು ಅಂತಲೂ ಹೇಳಬೇಕಲ್ವಾ?

ಫೋರ್ ಸ್ಟ್ರೋಕ್‌ಗಳ ನಡುವೆಯೂ ಇದೇ ಕಥೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 349 ಸಿಸಿ, ಪವರ್ ಸುಮಾರು 20 ಎಚ್‌ಪಿ. ಕೆಟಿಎಂನ ಹಳೆಯ 390 ಡ್ಯೂಕ್ 373 ಸಿಸಿ, ಪವರ್ ಅದರ ಎರಡು ಪಟ್ಟಿಗೂ ಜಾಸ್ತಿ. 24 ಸಿಸಿಯಿಂದ ಇಷ್ಟು ಬರುವುದಿಲ್ಲ. ಡ್ಯೂಕ್ 9,000 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಓಡಿ ಆ ಪವರ್ ತೆಗೆಯುತ್ತದೆ. ಕ್ಲಾಸಿಕ್ ತನ್ನ ಪೂರ್ತಿ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, 4,000ಕ್ಕೇ ಕೊಟ್ಟುಬಿಡುತ್ತದೆ. ಗುಡ್ಡಕ್ಕೆ ಗಾಡಿ ನೋಡುವವರು ಮೊದಲು ಓದಬೇಕಾದ್ದು ಈ ಸಾಲು: ಟಾರ್ಕ್ ಎಷ್ಟು, ಯಾವ ಆರ್‌ಪಿಎಂಗೆ. ಆಮೇಲೆ ಗಾಡಿಯ ತೂಕ. ಸಿಸಿ ಕೊನೆಗೆ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ಆದರೆ ನಮ್ಮ ಕಡೆಯವರಿಗೆ ಗೊತ್ತಿರಲೇಬೇಕು. ಮುಳ್ಳಯ್ಯನಗಿರಿ ಹತ್ತುವಾಗ ಗಾಡಿ ಎಳೆಯಲ್ಲ ಅನಿಸುವುದು ಬರೀ ಏರಿನಿಂದಲ್ಲ. ಎತ್ತರ 1,930 ಮೀಟರ್. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳುವಾಗುತ್ತದೆ. ಸಿಲಿಂಡರಿನ ಜಾಗ ಅಷ್ಟೇ ಇರುತ್ತದೆ, ಅದರೊಳಗೆ ಬರುವ ಆಮ್ಲಜನಕ ಕಡಿಮೆ. ಟರ್ಬೊ ಇರುವ ಡೀಸೆಲ್ ಜೀಪು ಗಾಳಿಯನ್ನು ಒತ್ತಿ ತುಂಬಿಸಿ ಸುಧಾರಿಸಿಕೊಳ್ಳುತ್ತದೆ. ಇಂಜೆಕ್ಷನ್ (ಪೆಟ್ರೋಲನ್ನು ಅಳೆದು ಸಿಂಪಡಿಸುವ ವ್ಯವಸ್ಥೆ) ಇರುವ ಈಗಿನ ಬಿಎಸ್6 ಬೈಕು ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾರ್ಬ್ಯುರೇಟರ್‌ಗೆ ಅದು ಬರುವುದಿಲ್ಲ, ಪೆಟ್ರೋಲ್ ಜಾಸ್ತಿಯಾಗುತ್ತದೆ, ಅದಕ್ಕೇ ಮೇಲೆ ಹೋದಂತೆ ಕಪ್ಪು ಹೊಗೆ. ಹಾಗಂತ ಅಲ್ಲೇ ನಿಲ್ಲಿಸಿ ಪೆಟ್ರೋಲ್ ಕಡಿಮೆ ಮಾಡಲು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಲು ಹೋಗಬೇಡಿ. ಕೆಳಗಿಳಿದ ಮೇಲೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತದೆ.