ಕಂಪ್ರೆಶನ್ ಹೋಗುತ್ತದೆ, ರೇಶಿಯೋ ಹೋಗುವುದಿಲ್ಲ

ಮೊನ್ನೆ ಬದಿಯಡ್ಕದ ಹತ್ತಿರ ಪರಿಚಯದವರೊಬ್ಬರ ಜೊತೆ ಒಂದು ಹಳೆ ಬೈಕ್ ನೋಡಲು ಹೋಗಿದ್ದೆ. ಮಾರುವವನು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ ತೋರಿಸಿದ. "ನೋಡಿ, 150 ಉಂಟು. ಅಂದ್ರೆ ಕಂಪ್ರೆಶನ್ ರೇಶಿಯೋ 15." ನನ್ನ ಜೊತೆ ಬಂದವರು, "ಇಷ್ಟು ಓಡಿದ ಗಾಡಿಯಲ್ಲಿ ರೇಶಿಯೋ ಅಷ್ಟು ಉಳಿದದ್ದೇ ದೊಡ್ಡದು" ಎಂದು ತಲೆ ಆಡಿಸಿದರು. ಒಂದೇ ನಿಮಿಷದಲ್ಲಿ ಎರಡು ತಪ್ಪು. ಇದನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಸರಗೋಡಿನಲ್ಲಿ ಮೆಕ್ಯಾನಿಕ್ ಮಲಯಾಳದಲ್ಲಿ ಹೇಳಲಿ, ತುಳುವಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಪದ ಒಂದೇ: ಕಂಪ್ರೆಶನ್. "ಕಂಪ್ರೆಶನ್ ಹೋಗಿದೆ" ಅಂದರೆ ಸಿಲಿಂಡರಿನೊಳಗೆ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ಅದು ಸರಿಯಾದ ಮಾತು. ಮೂಲ ಲ್ಯಾಟಿನ್ ಪದದ ಅರ್ಥವೂ ಸೇರಿಸಿ ಒತ್ತುವುದು ಅಂತಲೇ. ಪುಸ್ತಕದ ಕನ್ನಡದ 'ಸಂಪೀಡನ'ದಲ್ಲೂ ಅದೇ ಉಂಟು, ಸಂಸ್ಕೃತದ 'ಪೀಡ್' ಅಂದರೆ ಒತ್ತು, ಹಿಂಡು. (ಪೀಡೆ ಹುಟ್ಟಿದ್ದೂ ಅಲ್ಲಿಂದಲೇ. ಹಳೆ ಗಾಡಿ ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ತಕರಾರು ಇರುವುದು ಅದರ ಬಾಲಕ್ಕೆ ಸುಮ್ನೆ 'ರೇಶಿಯೋ' ಅಂಟಿಸುವುದರಲ್ಲಿ.

ರೇಶಿಯೋ ಅಂದರೆ ಜಾಗದ ಲೆಕ್ಕ, ಒತ್ತಡದ್ದಲ್ಲ. ಪಿಸ್ಟನ್ ಕೆಳಗಿದ್ದಾಗ ಅದರ ಮೇಲಿನ ಜಾಗ 110 ಸಿಸಿ, ಮೇಲೆ ಬಂದಾಗ ಉಳಿಯುವುದು 11 ಸಿಸಿ ಅಂತಿಟ್ಟುಕೊಳ್ಳಿ, ರೇಶಿಯೋ 10:1. ಅಷ್ಟೇ. ಪಿಎಸ್‌ಐ (ಒತ್ತಡದ ಅಳತೆ, ಗೇಜಿನ ಆ 150 ಅದರದ್ದೇ) ಇಲ್ಲ, ಕೆಜಿ ಇಲ್ಲ, ಎಂಜಿನ್ ಸ್ಟಾರ್ಟ್ ಆಗಬೇಕೆಂದೂ ಇಲ್ಲ. ಪಿಸ್ಟನ್ ಸುತ್ತಲಿನ ರಿಂಗ್ ಸವೆದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ ಒತ್ತಡ ಸೋರುತ್ತದೆ, ರೇಶಿಯೋ ಅಲ್ಲೇ ಇರುತ್ತದೆ. ಕೊಡಪಾನ ತೂತಾದರೆ ನೀರು ಕಮ್ಮಿಯಾಗುತ್ತದೆ, ಕೊಡಪಾನ ಸಣ್ಣದಾಗುವುದಿಲ್ಲ ಅಲ್ವಾ? ರೇಶಿಯೋ ಬದಲಾಗಬೇಕಾದರೆ ಹೆಡ್ (ಸಿಲಿಂಡರಿನ ಮುಚ್ಚಳ) ತೇಯಿಸಬೇಕು, ಅದರಡಿಯ ಗ್ಯಾಸ್ಕೆಟ್ ದಪ್ಪ ಬದಲಾಗಬೇಕು, ಬೇರೆ ಪಿಸ್ಟನ್ ಹಾಕಬೇಕು. ವಯಸ್ಸಿನಿಂದ ಬದಲಾಗುವುದಿದ್ದರೂ ಒಳಗೆ ಕಾರ್ಬನ್ ಕೂತು ಜಾಗ ಕಿರಿದಾಗುವುದರಿಂದ, ಆಗ ರೇಶಿಯೋ ಸ್ವಲ್ಪ ಏರುತ್ತದೆ, ಇಳಿಯುವುದಿಲ್ಲ!

ಇನ್ನು ಕೆಲವರ ಹತ್ತಿರ ಒಂದು ಸೂತ್ರ ಉಂಟು: ರೇಶಿಯೋವನ್ನು 14.7ರಿಂದ (ಹೊರಗಿನ ಗಾಳಿಯ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ) ಗುಣಿಸಿ, ಗೇಜ್ ಅಷ್ಟು ತೋರಿಸಬೇಕು. 10:1 ಆದರೆ 147. ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಹೆಚ್ಚುಕಮ್ಮಿ ಹತ್ತಿರ ಬರುತ್ತದೆ, ಅದೇ ದೊಡ್ಡ ತೊಂದರೆ. ಹತ್ತಿರ ಬರುವುದು ತಪ್ಪಿಗೆ ತಪ್ಪು ವಜಾ ಆಗಿ. ಗೇಜ್ ಹೊರಗಿನ ಗಾಳಿಯ ಒತ್ತಡವನ್ನು ಸೊನ್ನೆ ಎಂದು ಹಿಡಿಯುತ್ತದೆ, ಹಾಗಾಗಿ ಹತ್ತರಲ್ಲಿ ಒಂದು ಕಳೆಯಬೇಕು, 132 ಬರುತ್ತದೆ. ಆದರೆ ಗಾಳಿಯನ್ನು ಗಬಕ್ಕನೆ ಒತ್ತಿದರೆ ಅದು ಬಿಸಿಯಾಗುತ್ತದೆ, ಸೈಕಲ್ ಪಂಪ್ ಮುಟ್ಟಿದವರಿಗೆ ಗೊತ್ತು. ಆ ಬಿಸಿ ಒಂಚೂರೂ ಹೊರಗೆ ಹೋಗದಿದ್ದರೆ ಗೇಜ್ 350 ದಾಟಬೇಕಿತ್ತು. ದಾಟುವುದಿಲ್ಲ, ಯಾಕೆಂದರೆ ಬಿಸಿಯನ್ನು ಸಿಲಿಂಡರಿನ ಗೋಡೆ ಎಳೆದುಕೊಳ್ಳುತ್ತದೆ, ರಿಂಗಿನ ಸಂದಿಯಲ್ಲಿ ಸ್ವಲ್ಪ ಸೋರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಮುಚ್ಚುವುದು ಪಿಸ್ಟನ್ ಮೇಲೇಳಲು ಶುರುಮಾಡಿದ ಮೇಲೆ. ಅಷ್ಟರೊಳಗೆ ಒಂದಿಷ್ಟು ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗಿರುತ್ತದೆ. ಹಾಗಾಗಿ ಒಂದೇ ರೇಶಿಯೋದ ಎರಡು ಎಂಜಿನ್, ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ಭಾಗ) ಬೇರೆ ಅಂತಾದರೆ ರೀಡಿಂಗ್ ಕೂಡ ಬೇರೆ. ಎರಡೂ ಗಟ್ಟಿಯಾಗಿಯೇ ಇರಬಹುದು.

ಡೀಸೆಲ್‌ಗೆ ಬಂದರೆ ಈ ಸೂತ್ರ ಪೂರ್ತಿ ಮಕಾಡೆ. 18:1 ಇದ್ದರೆ ಸೂತ್ರದ ಪ್ರಕಾರ 265. ಒಳ್ಳೆಯ ಡೀಸೆಲ್ ಎಂಜಿನ್ 400ರ ಆಸುಪಾಸು ತೋರಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಗೇಜ್ ಅದಕ್ಕೆ ಸಿಕ್ಕಿಸಲು ಹೋಗಬೇಡಿ, ಅದು ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

ಇನ್ನೂ ನಂಬಿಕೆ ಬರದಿದ್ದರೆ ಕಾಸರಗೋಡಿನಲ್ಲಿ 150 ತೋರಿಸಿದ ಗಾಡಿಯನ್ನು ಪಾಣತ್ತೂರು ದಾರಿಯಾಗಿ ಮಡಿಕೇರಿಗೆ ಹತ್ತಿಸಿ ಅದೇ ಗೇಜ್ ಹಾಕಿ. ಅಲ್ಲಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಗಾಳಿಯೇ ತೆಳು. ರೀಡಿಂಗ್ 130ರ ಹತ್ತಿರ ಬಂದೀತು. ಘಾಟಿ ಹತ್ತುವಾಗ ಎಂಜಿನ್ನಿನೊಳಗಿನ ಜಾಗ ಹಿಗ್ಗಿತೇ?

ಗೇಜ್ ಹಿಡಿಯುವವರೂ ಕಮ್ಮಿ ಇಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸದೆ ಅಳೆಯುತ್ತಾರೆ, ಗಾಳಿ ಒಳಗೆ ಬಂದರೆ ತಾನೇ ಒತ್ತುವುದು? ಬ್ಯಾಟರಿ ಡೌನ್ ಆಗಿದ್ದರೆ ಎಂಜಿನ್ ನಿಧಾನ ತಿರುಗಿ ರೀಡಿಂಗ್ ಕಮ್ಮಿ. ಹಳೆ ಬುಲೆಟ್‌ನ ಎಡ ಹ್ಯಾಂಡಲಿನ ಡಿಕಂಪ್ರೆಸರ್ ಲಿವರ್ ನೆನಪುಂಟಲ್ಲ? ಆ ಕೆಲಸ ಈಗ ಕೆಲವು ಬೈಕುಗಳಲ್ಲಿ ಕ್ಯಾಮ್‌ನೊಳಗೇ ನಡೆಯುತ್ತದೆ, ಸ್ಟಾರ್ಟ್ ಮಾಡುವಾಗ ಒತ್ತಡವನ್ನು ಬೇಕೆಂದೇ ಬಿಟ್ಟುಕೊಡುತ್ತದೆ. ಅಂಥ ಗಾಡಿಯ ರೀಡಿಂಗ್ ನೋಡಿ ರಿಂಗ್ ಹಾಕಿಸಿದವರನ್ನು ಕಂಡಿದ್ದೇನೆ. ಕಮ್ಮಿ ಬಂದರೆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಮೇಲೆ ಸಂಶಯ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಆ ದಿನವೂ ಅವನು ಆಕ್ಸಿಲರೇಟರ್ ಮುಟ್ಟಿರಲಿಲ್ಲ. ಪೂರ್ತಿ ತಿರುಗಿಸಿ ಹಿಡಿದು ಇನ್ನೊಮ್ಮೆ ಅಳೆಯಲು ಹೇಳಿದೆ. 165 ಬಂತು.

"ನೋಡಿ," ಅಂದ, "ಈಗ ರೇಶಿಯೋ ಹದಿನಾರೂವರೆ."