ಹಾಡು ಹಳೆಯದೋ, ಕಿವಿ ಹಳೆಯದೋ

ಸಂಡೂರಿನ ಅದಿರು ಲಾರಿಗಳು ಬಳ್ಳಾರಿ ರಸ್ತೆಯ ಬೇವಿನ ಗಿಡಗಳಿಗೆ ಬಳಿದು ಹೋಗುವ ಕೆಂಪು ಧೂಳಿಗೂ ಅಟ್ಟದ ಮೇಲಿನ ಹಳೇ ಕ್ಯಾಸೆಟ್ಟಿನ ಕಂದು ಟೇಪಿಗೂ ರಾಸಾಯನಿಕ ಸೂತ್ರ ಒಂದೇ. ಎರಡು ಕಬ್ಬಿಣದ ಪರಮಾಣು, ಮೂರು ಆಮ್ಲಜನಕದ ಪರಮಾಣು. ಧೂಳಿನಲ್ಲಿರುವುದು ಹೆಮಟೈಟ್, ಟೇಪಿನ ಮೇಲಿರುವುದು ಮ್ಯಾಗ್ಹೆಮೈಟ್. ಪರಮಾಣುಗಳು ಅವೇ ಆದರೂ ಹರಳಿನೊಳಗೆ ಅವು ಕೂತಿರುವ ಬಗೆ ಬೇರೆ. ಅಷ್ಟಕ್ಕೇ ಗುಣ ಪೂರ್ತಿ ಬದಲಾಗುತ್ತದೆ: ಹೆಮಟೈಟಿಗೆ ಕಾಂತಗುಣ ಇದ್ದೂ ಇಲ್ಲದಷ್ಟು, ಮ್ಯಾಗ್ಹೆಮೈಟ್ ಒಮ್ಮೆ ಹಿಡಿದ ಕಾಂತದ ದಿಕ್ಕನ್ನು ದಶಕಗಟ್ಟಲೆ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಸೂಜಿಯಾಕಾರದ ಕಣಗಳಾಗಿ ಬೆಳೆಸಿ, ಅಂಟಿನಲ್ಲಿ ಕಲಸಿ, ಪಾಲಿಯೆಸ್ಟರ್ ಪಟ್ಟಿಯ ಮೇಲೆ ಹಚ್ಚುತ್ತಿದ್ದರು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟಿನಲ್ಲಿ ಈ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಲೆಕ್ಕ ಹಾಕಿದರೆ 60 ನಿಮಿಷದ ಕ್ಯಾಸೆಟ್ಟಿನ ಹೊಟ್ಟೆಯಲ್ಲಿ 85 ಮೀಟರಿಗೂ ಹೆಚ್ಚು ಉದ್ದದ ಟೇಪು ಸುತ್ತಿಕೊಂಡಿರುತ್ತದೆ.

ರಾಯಚೂರಿನ ಬಿಸಿಲಿಗೆ ಟೇಪಿನಲ್ಲಿದ್ದ ಹಾಡೆಲ್ಲ ಅಳಿಸಿಹೋಗಿರುತ್ತದೆ ಎಂದು ನಂಬಿ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದವರು ಬಹಳ ಮಂದಿ. ಮ್ಯಾಗ್ಹೆಮೈಟ್ ತನ್ನ ಕಾಂತಗುಣ ಕಳೆದುಕೊಳ್ಳಬೇಕಾದರೆ ನೂರಾರು ಡಿಗ್ರಿ ಕಾಯಬೇಕು. ನಮ್ಮ ಮೇ ತಿಂಗಳ 43, 44 ಡಿಗ್ರಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಳಾಗುವುದು ಉಳಿದ ಸಾಮಾನು. ಅಂಟು ಸಡಿಲವಾಗುತ್ತದೆ, ಟೇಪನ್ನು ಪ್ಲೇಯರಿನೊಳಗಿನ, ಹಾಡು ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ಚೂರು ಉದುರಿಬೀಳುತ್ತದೆ, ಪ್ಲಾಸ್ಟಿಕ್ ಡಬ್ಬಿ ಸೊಟ್ಟಗಾಗುತ್ತದೆ. ಅಂದರೆ ‘ಹೋಯಿತು’ ಎನ್ನುವ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಹಾಡುಗಳು ಇನ್ನೂ ಇವೆ.

ಆದರೆ ಯಾಕೆ ಬೇಕು? ಅವೇ ಹಾಡುಗಳು ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತವೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಹಳೇ ಹಾಡು ಬಂದು ಬೀಳುತ್ತದೆ, ಕೆಳಗೆ ದೊಡ್ಡಪ್ಪನ ಸಹಿ ಇದ್ದಂತೆ ಒಂದು ಸಾಲು: ‘ಅವಾಗಿನ ಹಾಡಂದ್ರ ಹಾಡು, ಈಗಿನವೇನ್ ಬಿಡ್ರಿ.’ ಈ ಮಾತು ಎಷ್ಟು ನಿಜ ಎಂದು ನೋಡಬೇಕು. ವಿಜ್ಞಾನಿಗಳು ಇದನ್ನು ಸಾಕಷ್ಟು ಕೆದಕಿದ್ದಾರೆ, ಬಂದ ಉತ್ತರ ದೊಡ್ಡಪ್ಪನಿಗೆ ಅಷ್ಟೇನೂ ಖುಷಿ ಕೊಡುವಂಥದ್ದಲ್ಲ.

1989ರಲ್ಲಿ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಅಮೆರಿಕದ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ 1930ರ ದಶಕದಿಂದ 1980ರ ದಶಕದವರೆಗಿನ ಜನಪ್ರಿಯ ಹಾಡುಗಳ ತುಣುಕು ಕೇಳಿಸಿ, ಯಾವುದು ಎಷ್ಟು ಇಷ್ಟ ಎಂದು ಅಂಕ ಹಾಕಿಸಿದರು. ಹಾಡು ಬಂದಾಗ ತಮಗೆ ಸುಮಾರು 23, 24 ವರ್ಷವಾಗಿದ್ದ ಹಾಡಿಗೇ ಜನ ಹೆಚ್ಚು ಅಂಕ ಕೊಟ್ಟಿದ್ದರು. ಆಮೇಲಿನ ಅಧ್ಯಯನಗಳು ಈ ವಯಸ್ಸನ್ನು ಹದಿಹರೆಯದ ಕಡೆಗೆ ಇನ್ನಷ್ಟು ಹಿಂದಕ್ಕೆ ಎಳೆದಿವೆ. ಇಡೀ ಬದುಕಿನ ನೆನಪುಗಳನ್ನು ವಯಸ್ಸಿನ ಪ್ರಕಾರ ಹರಡಿ ನೋಡಿದರೂ ಹತ್ತರಿಂದ ಮೂವತ್ತರ ನಡುವೆ ಹೀಗೇ ಒಂದು ಉಬ್ಬು ಕಾಣುತ್ತದೆ. ಹೊಸ ಊರು, ಹೊಸ ಗೆಳೆಯರು, ಮೊದಲ ಸಂಬಳ, ಮೊದಲ ಜಗಳ, ಎಲ್ಲವೂ ಆಗಲೇ. 1974ರಲ್ಲಿ ರಾಜ್‌ಕುಮಾರ್ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಹಾಡಿದಾಗ ಹದಿನೇಳರ ಹುಡುಗನಾಗಿದ್ದವನಿಗೆ ಆ ಹಾಡು ಚಿನ್ನ. 2006ರಲ್ಲಿ ‘ಮುಂಗಾರು ಮಳೆ’ ಬಂದಾಗ ಹದಿನೇಳಾಗಿದ್ದವಳಿಗೆ ಅದು ಚಿನ್ನ. ಇಬ್ಬರೂ ಪ್ರಾಮಾಣಿಕರೇ, ಇಬ್ಬರೂ ಅಳೆಯುತ್ತಿರುವುದು ಮಾತ್ರ ತಮ್ಮದೇ ವಯಸ್ಸನ್ನು.

ಇದರ ಮೇಲೆ ಇನ್ನೊಂದು ಮೋಸವಿದೆ. ಆ ಕಾಲದಲ್ಲೂ ಕೆಟ್ಟ ಹಾಡುಗಳು ರಾಶಿ ರಾಶಿ ಬಂದಿದ್ದವು, ಅವನ್ನು ಯಾರೂ ಕಾಪಾಡಲಿಲ್ಲ. ಕಣದಲ್ಲಿ ಸಾಣಿಗೆ ಹಿಡಿದು ಜೋಳ ಹಸನು ಮಾಡಿದ ಮೇಲೆ ಉಳಿದ ಕಾಳನ್ನಷ್ಟೇ ನೋಡಿ, ಆ ವರ್ಷ ಹೊಲದಲ್ಲಿ ಹೊಟ್ಟೇ ಇರಲಿಲ್ಲ ಎಂದ ಹಾಗೆ ನಮ್ಮ ಮಾತು. ಇವತ್ತಿನ ಹಾಡು ಇನ್ನೂ ಸಾಣಿಗೆ ಕಂಡಿಲ್ಲ.

ಇನ್ನು ಮೇಲಿಂದ ಮೇಲೆ ಕೇಳಿದ್ದು ಇಷ್ಟವಾಗುತ್ತದೆ ಎನ್ನುವುದು ಹಳೇ ಸಂಗತಿ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿ ಅರ್ಥವಿಲ್ಲದ ಪದಗಳನ್ನೂ ಗುರುತಿಲ್ಲದ ಮುಖಗಳನ್ನೂ ಜನರಿಗೆ ತೋರಿಸಿ, ಹೆಚ್ಚು ಸಲ ಕಂಡದ್ದರ ಮೇಲೆ ತಾನಾಗಿ ಒಲವು ಹುಟ್ಟುತ್ತದೆ ಎಂದು ತೋರಿಸಿಕೊಟ್ಟರು. ನಮ್ಮ ಕಡೆ ಈ ಪ್ರಯೋಗವನ್ನು ಮದುವೆ ಮನೆಯ ಮೈಕ್ ಸೆಟ್ಟಿನವರು ಊರಿಗೆ ಊರೇ ನಡೆಸಿದ್ದರು. ಬೇವಿನ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಹೊರಟ ಹಾಡನ್ನು ಕೇಳುವುದಿಲ್ಲ ಎನ್ನುವ ಆಯ್ಕೆ ಯಾರಿಗೂ ಇರಲಿಲ್ಲ. ಸಿರುಗುಪ್ಪದ ಮದುವೆಯಾದರೆ ಘಂಟಸಾಲ, ರಾಯಚೂರಿನ ಉರುಸಾದರೆ ಕವ್ವಾಲಿ, ಕೊಪ್ಪಳದ ಜಾತ್ರೆಯಾದರೆ ನಾಟಕದ ಹಾಡು. ತೆಲುಗು ಅಕ್ಷರ ಬಾರದವರು ತೆಲುಗು ಹಾಡನ್ನು ಪೂರ್ತಿ ಗುನುಗುವುದು, ಉರ್ದು ತಿಳಿಯದವರು ಕವ್ವಾಲಿಯ ಚಪ್ಪಾಳೆ ತಪ್ಪದಿರುವುದು ಈ ಮೂರು ಜಿಲ್ಲೆಗಳಲ್ಲಿ ಆಶ್ಚರ್ಯದ ವಿಷಯವೇ ಅಲ್ಲ. ಕಿವಿಗೆ ರಾಗ ಸಾಕು.

ಇಷ್ಟು ಹೇಳಿದರೆ ಹಳೇ ಹಾಡಿನ ಮೋಹವೆಲ್ಲ ಬರೀ ವಯಸ್ಸು, ಬರೀ ರೂಢಿ ಎಂದಂತಾಯಿತು. ಅಲ್ಲಿಗೇ ನಿಲ್ಲಿಸುವ ಲೇಖನಗಳು ಬೇಕಾದಷ್ಟಿವೆ. ನನಗೆ ಅವು ಅರ್ಧದಾರಿಯಲ್ಲಿ ಇಳಿಸಿ ಹೋದ ಬಸ್ಸಿನಂತೆ ಕಾಣುವುದಕ್ಕೆ ಕಾರಣ 2013ರ ಒಂದು ಅಧ್ಯಯನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ತಮ್ಮ ಸಹೋದ್ಯೋಗಿಯೊಂದಿಗೆ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡಿಗೆ ಅವರು ಸ್ಪಂದಿಸಿದ್ದು ಸರಿ. ಅದರ ಜೊತೆಗೆ 1980ರ ದಶಕದ ಮೊದಲ ವರ್ಷಗಳಲ್ಲೊಂದು ಉಬ್ಬು ಕಂಡಿತು. ಆಗ ಆ ಮಕ್ಕಳು ಹುಟ್ಟಿಯೇ ಇರಲಿಲ್ಲ, ಅವರ ಅಪ್ಪ ಅಮ್ಮಂದಿರಿಗೆ ಇಪ್ಪತ್ತರ ವಯಸ್ಸು. 1960ರ ದಶಕದಲ್ಲಿ ಇನ್ನೊಂದು ಸಣ್ಣ ಉಬ್ಬು. ಅಜ್ಜ ಅಜ್ಜಿಯರ ಕೈವಾಡ ಅಲ್ಲಿರಬಹುದು ಎಂದು ಅವರು ಊಹಿಸಿದರು.

ಅಂದರೆ ಹಾಡಿನ ನೆನಪು ಒಂದು ತಲೆಯೊಳಗೇ ಹುಟ್ಟಿ ಅಲ್ಲೇ ಮುಗಿಯುವುದಿಲ್ಲ, ಕೊಟ್ಟವರಿಂದ ಪಡೆದವರಿಗೆ ದಾಟುತ್ತದೆ. ಹಳೇ ಹಾಡಿನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ: ಯಾರು ಕೊಟ್ಟರು ಎನ್ನುವುದು.

ಕೊಡುವ ದಾರಿಗಳು ನಮ್ಮಲ್ಲಿ ಎಷ್ಟೊಂದಿದ್ದವು. 1952ರಲ್ಲಿ ಕೇಂದ್ರ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ದೂರ ಇಟ್ಟಾಗ ಜನ ರೇಡಿಯೊ ಸಿಲೋನ್ ಹಿಡಿದರು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಶುರುವಾಯಿತು. ಹಾಡು ಕೋರಿ ಕಾರ್ಡು ಬರೆದು, ಊರ ಹೆಸರಿನ ಜೊತೆ ತಮ್ಮ ಹೆಸರು ಓದಿದ್ದನ್ನು ಕೇಳಿ ಬೀಗಿದವರು ಹಳ್ಳಿ ಹಳ್ಳಿಯಲ್ಲಿದ್ದರು. ಆಮೇಲೆ ಕ್ಯಾಸೆಟ್ ಅಂಗಡಿಗಳ ಕಾಲ. ಖಾಲಿ ಕ್ಯಾಸೆಟ್ಟಿನ ಜೊತೆ ಹಾಡುಗಳ ಚೀಟಿ ಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಕೊನೆಗೆ ಎರಡು ನಿಮಿಷ ಜಾಗ ಉಳಿದರೆ ಅಂಗಡಿಯವನು ತನಗಿಷ್ಟವಾದ ಹಾಡೊಂದನ್ನು ಅರ್ಧಕ್ಕೆ ತುರುಕುವುದೂ ಉಂಟು. ಇನ್ನೂ ಈಚೆಗೆ ಬಂದರೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸುವುದು, ಬ್ಲೂಟೂತಿನಲ್ಲಿ ಕಳಿಸುವುದು, ಭತ್ತದ ಸುಗ್ಗಿಯಲ್ಲಿ ಸಿಂಧನೂರು, ಗಂಗಾವತಿ ಕಡೆಯ ಟ್ರ್ಯಾಕ್ಟರಿನ ಡೆಕ್ಕಿಗೆ ಪೆನ್‌ಡ್ರೈವ್ ಚುಚ್ಚುವುದು.

ಕ್ಯಾಸೆಟ್ ಅಂಗಡಿಯ ಚೀಟಿಗೆ ಇನ್ನೊಂದು ಮಹತ್ವವಿದೆ: ಹಾಡುಗಳ ಸರದಿ ನಿಂತದ್ದು ಅದರ ಮೇಲೆ. ಒಂದು ಹಾಡು ಮುಗಿಯುತ್ತಲೇ ಮುಂದಿನ ಹಾಡಿನ ಮೊದಲ ಸ್ವರ ತಲೆಯಲ್ಲಿ ತಾನಾಗಿ ಎದ್ದು ನಿಲ್ಲುವುದು ಟೇಪು ಕೇಳಿ ಬೆಳೆದವರಿಗೆಲ್ಲ ಗೊತ್ತು. 2009ರಲ್ಲಿ ಆಂಬರ್ ಲೀವರ್ ಮತ್ತು ಅವರ ತಂಡ ಇದನ್ನೇ ಪರೀಕ್ಷೆ ಮಾಡಿತು. ಚೆನ್ನಾಗಿ ಪರಿಚಯವಿದ್ದ ಸಿಡಿಯೊಂದರ ಹಾಡಿನ ಕೊನೆಯನ್ನು ಕೇಳಿಸಿ, ನಂತರದ ಮೌನದಲ್ಲಿ ಮಿದುಳಿನ ಚಿತ್ರ ತೆಗೆದರು. ಶಬ್ದವೇ ಇಲ್ಲದ ಆ ಹೊತ್ತಿನಲ್ಲಿ ಮಿದುಳಿನ ಮುಂಭಾಗ ಚುರುಕಾಗಿತ್ತು, ಮುಂದಿನ ಹಾಡಿಗೆ ಅಣಿಯಾಗುತ್ತಿತ್ತು. ಹೀಗೆ ಕಾಯುವುದರಲ್ಲೇ ಸುಖವಿದೆ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ, ರೋಮಾಂಚನದ ಘಳಿಗೆ ಬರುವ ಮುಂಚೆಯೇ ಮಿದುಳಿನ ಒಂದು ಭಾಗದಲ್ಲಿ, ಬಂದಾಗ ಇನ್ನೊಂದು ಭಾಗದಲ್ಲಿ ಸುಖದ ಅನುಭವದೊಂದಿಗೆ ನಂಟಿರುವ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುವುದನ್ನು ಕಂಡಿತು. ಮುಂದೇನು ಬರುತ್ತದೆ ಎಂದು ಗೊತ್ತಿದ್ದರೆ ಮೊದಲ ಸುಖ. ಗೊತ್ತಿರಬೇಕಾದರೆ ಎಷ್ಟೋ ಸಲ ಕೇಳಿರಬೇಕು. ಹಾಡುಗಳನ್ನು ಕಲಸಿ ಕೊಡುವ ಆ್ಯಪಿನಲ್ಲಿ ಹಾಡಿನೊಳಗಿನ ನಿರೀಕ್ಷೆ ಉಳಿಯುತ್ತದೆ, ಹಾಡುಗಳ ನಡುವಿನದು ಇಲ್ಲವಾಗುತ್ತದೆ.

ಈಗ ಒಂದು ವಿಚಿತ್ರ. ನೆಟ್ಟಿನಲ್ಲಿ ಸಿಕ್ಕ ಹಾಡನ್ನು ಮಗ ಕೇಳಿಸಿದರೆ ಅಮ್ಮ ತಲೆಯಾಡಿಸುತ್ತಾಳೆ: ‘ಹಾಡೇನೋ ಅದೇ ಐತಿ, ಆದ್ರ ಇದು ಅದಲ್ಲ ನೋಡು.’ ಗಾಯಕರು ಅವರೇ, ಚಿತ್ರ ಅದೇ. ಇದನ್ನು ಮುದುಕರ ಹಟ ಎನ್ನುವ ಮುಂಚೆ ಮೋಟಾರಿನ ವೇಗ ನೋಡಬೇಕು. ಟೇಪಿನ ವೇಗ ನೂರಕ್ಕೆ ಆರರಷ್ಟು ಬದಲಾದರೆ ಶ್ರುತಿ ಅರ್ಧ ಸ್ವರ ಜರುಗುತ್ತದೆ. ಹಾರ್ಮೋನಿಯಂ ಮೇಲೆ ಬಿಳಿ ಒಂದರಿಂದ ಕರಿ ಒಂದಕ್ಕೆ ಹೋದ ಹಾಗೆ. ಸೆಲ್ಲು ಇಳಿದ ಟೇಪ್ ರಿಕಾರ್ಡರ್ ಹಾಡನ್ನು ಕೆಳಗೆ ಎಳೆಯುತ್ತಿತ್ತು. ಅಂಗಡಿಯ ಮಷಿನ್ ನಿಧಾನ ಓಡುತ್ತಿದ್ದರೆ ಅಲ್ಲಿ ತುಂಬಿದ ಹಾಡು ಮನೆಯ ಟೇಪಿನಲ್ಲಿ ಎತ್ತರಿಸಿ ಕೇಳುತ್ತಿತ್ತು. ಮನೆಯವರ ಪಾಲಿಗೆ ಮೂಲ ಹಾಡೇ ಅದು. ಇಷ್ಟು ಸಣ್ಣ ವ್ಯತ್ಯಾಸವನ್ನು ಸಾಮಾನ್ಯರ ಕಿವಿ ನೆನಪಿಡುತ್ತದೆಯೇ? 1994ರಲ್ಲಿ ಡೇನಿಯಲ್ ಲೆವಿಟಿನ್ ವಿದ್ಯಾರ್ಥಿಗಳಿಗೆ ಬಾಯಿಪಾಠವಿದ್ದ ಜನಪ್ರಿಯ ಹಾಡುಗಳನ್ನು ಹಾಡಲು ಹೇಳಿದಾಗ, ಎರಡು ಪ್ರಯತ್ನಗಳಲ್ಲಿ ಒಂದರಲ್ಲಾದರೂ ಧ್ವನಿಮುದ್ರಿಕೆಯ ಶ್ರುತಿಯನ್ನೇ ಸರಿಯಾಗಿ ಹಿಡಿದವರು ನೂರಕ್ಕೆ 40. ಎದುರಿಗೆ ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಅಮ್ಮನ ಮಾತು ಸುಳ್ಳಾಗಿರಲಿಕ್ಕಿಲ್ಲ.

ನೆಟ್ಟಿನಲ್ಲಿ ಹಾಡು ಹಾಕುವವರಲ್ಲೂ ಕೆಲವರು ಹಕ್ಕುದಾರರ ಕಣ್ಣು ತಪ್ಪಿಸಲು ಬೇಕೆಂದೇ ವೇಗ ಏರಿಸುತ್ತಾರೆ. ಹಾಡು ಗುರುತಿಸುವ ತಂತ್ರ ನಿಂತಿರುವುದು ಹಾಡಿನ ಯಾವ ಕ್ಷಣದಲ್ಲಿ ಯಾವ ಆವರ್ತನ ಜೋರಾಗಿದೆ ಎಂಬ ಚುಕ್ಕಿಗಳ ನಕ್ಷೆಯ ಮೇಲೆ. ಶಾಜಮ್ ಆ್ಯಪಿನ ಹಿಂದಿರುವ ಈ ಉಪಾಯವನ್ನು ಏವರಿ ವಾಂಗ್ 2003ರಲ್ಲಿ ಪ್ರಕಟಿಸಿದರು. ವೇಗ ಬದಲಾದರೆ ಚುಕ್ಕಿಗಳೆಲ್ಲ ಜಾಗ ಬಿಟ್ಟು, ಯಂತ್ರ ತಬ್ಬಿಬ್ಬಾಗುತ್ತದೆ. ಮನುಷ್ಯರ ಕಿವಿ ಹಾಡನ್ನು ಥಟ್ಟನೆ ಗುರುತಿಸುತ್ತದೆ, ಜೊತೆಗೆ ಏನೋ ತಪ್ಪಿದೆ ಎಂದೂ ಹೇಳುತ್ತದೆ.

ಶಿಫಾರಸು ಮಾಡುವ ಯಂತ್ರಗಳದ್ದು ಬೇರೆ ಕತೆ. ‘ಇದನ್ನು ಕೇಳಿದವರು ಅದನ್ನೂ ಕೇಳಿದರು’ ಎನ್ನುವುದು ಅವುಗಳ ಮುಖ್ಯ ಲೆಕ್ಕ. ಕೋಟಿ ಜನ ಕೇಳಿದ ಹಾಡಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆಗೋ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನಕ್ಕೋ ಕೇಳುಗರೇ ಕಡಿಮೆ, ಲೆಕ್ಕಕ್ಕೆ ಬೇಕಾದ ಜಾಡೇ ಇಲ್ಲ. ಇಂಥವು ಕಣ್ಣಿಗೆ ಬೀಳುವುದು ಯಾರಾದರೂ ಇನ್ನೊಬ್ಬರಿಗೆ ಕಳಿಸಿದಾಗ ಮಾತ್ರ. ಹೆಸರೂ ಸರಿಯಿರುವುದಿಲ್ಲ, ಸಿನಿಮಾ ಹಾಡಿನಲ್ಲಿ ನಾಯಕನ ಹೆಸರು ದಪ್ಪಕ್ಷರದಲ್ಲಿ, ಗಾಯಕಿಯ ಹೆಸರು ಎಲ್ಲೂ ಇಲ್ಲ.

ಹಕ್ಕಿನ ಮಾತನ್ನೂ ಹೇಳಿಬಿಡಬೇಕು. ನಮ್ಮ ದೇಶದ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅದರೊಳಗಿನ ಸಾಹಿತ್ಯ, ಸಂಗೀತಗಳ ಹಕ್ಕಿನ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೆ 60 ವರ್ಷ. ಹಳೆಯದೆಲ್ಲ ಊರ ಸೊತ್ತಲ್ಲ.

ಮನೆಯ ಕ್ಯಾಸೆಟ್ಟನ್ನು ಮನೆಮಂದಿಗಾಗಿ ಉಳಿಸಿಕೊಳ್ಳುವವರು ಮೊದಲು ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಲಿ. ಒಂದಕ್ಕೊಂದು ಅಂಟಿದ ಸುರುಳಿ ಬಿಡುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಬಟ್ಟೆಯ ಚೂರು ಬಿದ್ದಿದ್ದರೆ ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಟೇಪನ್ನು ದಾಟಿಸಬಹುದು. ಆಮೇಲೆ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುವ ದರದಲ್ಲಿ, ಗಾತ್ರ ಕುಗ್ಗಿಸಲು ಒತ್ತದ ಕಡತವಾಗಿ ಒಂದು ಪ್ರತಿ ಇಟ್ಟುಕೊಂಡು, ಎಂಪಿ3 ಮಾಡಿದ್ದನ್ನು ಮಾತ್ರ ಊರಿಗೆಲ್ಲ ಕಳಿಸಿ. ಎಂಪಿ3 ಪ್ರತಿ ಸಲ ಒತ್ತಿದಾಗಲೂ ಕಿವಿಗೆ ಕೇಳಿಸಲಿಕ್ಕಿಲ್ಲ ಎಂದು ತಾನು ಅಂದುಕೊಂಡದ್ದನ್ನು ಬಿಸಾಡುತ್ತದೆ, ಅದು ಮತ್ತೆ ಬರುವುದಿಲ್ಲ. ಹಾಡುಗಳನ್ನು ಬಿಡಿ ಬಿಡಿಯಾಗಿ ಕತ್ತರಿಸುವ ಮುಂಚೆ ಎ ಸೈಡು, ಬಿ ಸೈಡು ಎರಡನ್ನೂ ಇಡಿಯಾಗಿ ಒಂದೊಂದು ಕಡತ ಮಾಡಿಡಿ, ಅಂಗಡಿಯವನು ತುರುಕಿದ ಅರ್ಧ ಹಾಡೂ ಸೇರಿ. ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಪಟ್ಟಿಯ ಫೋಟೊ ತೆಗೆದು, ಅದು ಯಾರ ಕೈಬರಹ ಎಂದು ಕಡತದ ಹೆಸರಿನಲ್ಲೇ ನಮೂದಿಸಿ.